ನಮ್ಮ ಮನೆಯ ಬಾಗಿಲು, ಇನ್ನೊಬ್ಬರ ಕೀಲಿಕೈ



ಬೆಸೆಂಟ್ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆಗಳು ಹೊಸತಲ್ಲ. ಎಷ್ಟು ಜನ ಇರುತ್ತೀರಿ? ಮದುವೆ ಆಗಿದೆಯಾ? ವೆಜ್ಜೋ, ನಾನ್‌ವೆಜ್ಜೋ? ಊರಿಂದ ಯಾರ್ಯಾರು ಬರುತ್ತಾರೆ, ಎಷ್ಟು ದಿನ ಇರುತ್ತಾರೆ? ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ? ಹರಕು ಮುರುಕು ತಮಿಳಿನಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟು, ಮುಂಗಡ ಎಣಿಸಿ, ಹಾಲು ಉಕ್ಕಿಸಿದ ಮೇಲೆ ಈ ನಾಲ್ಕು ಗೋಡೆ ನಮ್ಮದು ಅಂತ ನಿಟ್ಟುಸಿರು ಬಿಡುತ್ತೇವೆ.

ನಾನೂ ಹಾಗೇ ನಿಟ್ಟುಸಿರು ಬಿಟ್ಟಿದ್ದೆ. ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಅಡುಗೆಮನೆಯ ಸೋರುತ್ತಿದ್ದ ನಲ್ಲಿ ಸರಿಯಾಗಿತ್ತು. ಮಾಲೀಕರೇ ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಕೈಯಿಂದ ಬಾಗಿಲು ತೆಗೆದು ಪ್ಲಂಬರನ್ನು ಕರೆತಂದಿದ್ದರು. ಒಳ್ಳೆಯ ಕೆಲಸವೇ, ನಾನೇ ಎರಡು ಸಲ ಹೇಳಿದ್ದ ರಿಪೇರಿ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಂಚದ ಮೇಲೆ ಮಡಿಸದೆ ಬಿಟ್ಟುಹೋಗಿದ್ದ ಬಟ್ಟೆ, ಮೇಜಿನ ಮೇಲೆ ತೆರೆದೇ ಇದ್ದ ಅಮ್ಮನ ಕಾಗದ, ಎಲ್ಲವೂ ಯಾರದೋ ಕಣ್ಣಿಗೆ ಬಿದ್ದಿದ್ದವು. ಕದ್ದದ್ದು ಏನೂ ಇಲ್ಲ. ಆದರೂ ಏನೋ ಹೋಯಿತು. ಹೋದದ್ದೇನು ಅಂತ ಹೇಳಲು ಆಗ ನನಗೆ ಮಾತು ಸಿಗಲಿಲ್ಲ. ಆ ಮಾತನ್ನು ಹುಡುಕಲು ನಮ್ಮ ದೇಶಕ್ಕೇ ಬಹಳ ವರ್ಷ ಹಿಡಿಯಿತು ಅಂತ ಆಮೇಲೆ ತಿಳಿಯಿತು. ಈ ಸಲ ಆ ಕಥೆ ಹೇಳೋಣ ಅಂತ.

ಕನ್ನಡದಲ್ಲಿ ನಾವು 'ಖಾಸಗಿ' ಅನ್ನುತ್ತೇವೆ. ಅರಬ್ಬಿಯ 'ಖಾಸ್' ಪದ ಇದರ ಮೂಲ. ಮರಾಠಿ ಸಂಸ್ಥಾನಗಳಲ್ಲಿ 'ಖಾಸಗಿ' ಎಂದರೆ ರಾಜಮನೆತನದ ಸ್ವಂತದ್ದು. ಇಂದೋರಿನ ಹೋಳ್ಕರರ ಖಾಸಗಿ ಖಜಾನೆ ಪ್ರಸಿದ್ಧ. ಅಂದರೆ ಒಂದು ಕಾಲದಲ್ಲಿ ಖಾಸಗಿ ಅನ್ನುವುದು ದೊರೆಗಳಿಗಷ್ಟೇ ಸಲ್ಲುತ್ತಿದ್ದ ಮಾತು. ಸಾಮಾನ್ಯರ ಮನೆಗಳಲ್ಲಿ ಇದ್ದದ್ದು ಜಗಲಿ, ಪಡಸಾಲೆ, ನಡುಮನೆ, ಹಿತ್ತಲು. ಯಾರು ಎಲ್ಲಿಯವರೆಗೆ ಬರಬಹುದು ಅನ್ನುವುದಕ್ಕೆ ಕಟ್ಟುನಿಟ್ಟಾದ ಗೆರೆಗಳಿದ್ದವು. ಆದರೆ ಆ ಗೆರೆಗಳು ಜಾತಿಗೆ, ಮನೆತನದ ಮರ್ಯಾದೆಗೆ ಎಳೆದವು. ಒಳಗಿದ್ದ ಸೊಸೆಗೆ ತನ್ನದೇ ಅನ್ನುವ ಒಂದು ಮೂಲೆ ಇತ್ತೇ ಅಂತ ಕೇಳಿದರೆ ನಮ್ಮ ಅಜ್ಜಿಯರು ನಕ್ಕುಬಿಡುತ್ತಿದ್ದರು.

ಕಾನೂನು ಇದನ್ನು ಕಂಡದ್ದು ಮೊದಲು ಕಿಟಕಿಯ ಮೂಲಕ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಮೊದಲಿಗೆ ಜಾರಿಯಾದ ಪ್ರದೇಶಗಳು ಮೂರು: ಮದ್ರಾಸ್ ಪ್ರಾಂತ, ಮಧ್ಯಪ್ರಾಂತ ಮತ್ತು ನಮ್ಮ ಕೊಡಗು. ಅದರ 18ನೇ ಕಲಮಿನಲ್ಲಿ ಒಂದು ಉದಾಹರಣೆ ಇದೆ. ಪಕ್ಕದ ಮನೆಯ ಒಳಭಾಗ ಕಾಣುವಂತೆ ಹೊಸ ಕಿಟಕಿ ಇಡಬಾರದು ಅನ್ನುವ ರೂಢಿ ಒಂದು ಊರಲ್ಲಿದ್ದರೆ, ಆ ರೂಢಿಯೇ ಹಕ್ಕಾಗುತ್ತದೆ. 1888ರಲ್ಲಿ ಅಲಹಾಬಾದ್ ಹೈಕೋರ್ಟ್ ಇಂಥದೇ ಹಕ್ಕನ್ನು ಎತ್ತಿ ಹಿಡಿಯಿತು. ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಮನೆಯಿಂದ ತಮ್ಮ ಮನೆಯ ಹೆಂಗಸರಿಗೆ ಮರೆಯಿಲ್ಲದಂತಾಗಿದೆ ಅನ್ನುವುದು ಅಲ್ಲಿನ ದೂರು. ಅಂದರೆ ಖಾಸಗಿತನ ಪಶ್ಚಿಮದಿಂದ ಬಂದ ಫ್ಯಾಷನ್ ಅನ್ನುವ ಮಾತು ಪೂರಾ ನಿಜವಲ್ಲ. ಅದು ನಮ್ಮ ಬೀದಿಗಳಲ್ಲೂ ಇತ್ತು. ಆದರೆ ಮನೆಗೆ ಸಿಕ್ಕ ಮರೆ ಮನುಷ್ಯನಿಗೆ ಸಿಕ್ಕಿರಲಿಲ್ಲ.

ಇನ್ನು ನಮ್ಮ ಬಡಾವಣೆಯ ಹೆಸರಿಗೆ ಬರೋಣ. ತಮಿಳುನಾಡು ಗೃಹ ಮಂಡಳಿ ಕಟ್ಟಿದ ಈ ಬಡಾವಣೆಗೆ ಆನಿ ಬೆಸೆಂಟ್ ಹೆಸರು. ದಿನಾ ಬಸ್ಸಿನ ಬೋರ್ಡಿನಲ್ಲಿ ಓದುವ ಈ ಹೆಸರಿನ ಹಿಂದೆ ಮನೆ ಮುರಿದ ಒಂದು ಕಥೆಯಿದೆ.

1847ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆನಿ, 1867ರಲ್ಲಿ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯನ್ನು ಮದುವೆಯಾದರು. ನಂಬಿಕೆ ಸಡಿಲವಾಯಿತು, ಚರ್ಚಿನ ವಿಧಿಗಳಲ್ಲಿ ಭಾಗವಹಿಸಲು ಮನಸ್ಸು ಒಪ್ಪಲಿಲ್ಲ. 1873ರಲ್ಲಿ ದಂಪತಿ ಬೇರೆಯಾದರು. ಮಗ ತಂದೆಯ ಬಳಿ, ಮಗಳು ಮೇಬಲ್ ತಾಯಿಯ ಬಳಿ ಉಳಿದರು. 1877ರಲ್ಲಿ ಆನಿ ಮತ್ತು ಚಾರ್ಲ್ಸ್ ಬ್ರಾಡ್ಲಾ ಸಂತಾನ ನಿಯಂತ್ರಣ ಕುರಿತ ಒಂದು ಹಳೆಯ ಪುಸ್ತಿಕೆಯನ್ನು ಮರುಮುದ್ರಿಸಿದರು. ಎಷ್ಟು ಮಕ್ಕಳು ಬೇಕು ಅನ್ನುವುದು ಗಂಡ ಹೆಂಡಿರ ವಿಚಾರ, ಬಡವರಿಗೂ ಆ ತಿಳಿವಳಿಕೆ ಬೇಕು ಅನ್ನುವುದು ಅವರ ವಾದ. ಅಶ್ಲೀಲತೆಯ ಆರೋಪದ ಮೇಲೆ ಇಬ್ಬರಿಗೂ ಶಿಕ್ಷೆಯಾಯಿತು. 1878ರಲ್ಲಿ ತಾಂತ್ರಿಕ ಕಾರಣಕ್ಕೆ ಆ ಶಿಕ್ಷೆ ರದ್ದಾಯಿತು. ಆದರೆ ಅದೇ ವರ್ಷ ನ್ಯಾಯಾಲಯ ಮೇಬಲ್‌ಳನ್ನು ತಾಯಿಯಿಂದ ಕಿತ್ತು ತಂದೆಗೆ ಒಪ್ಪಿಸಿತು. ದೇವರನ್ನು ನಂಬದ, ಇಂಥ ಪುಸ್ತಕ ಅಚ್ಚು ಹಾಕಿದ ಹೆಂಗಸು ಮಗಳನ್ನು ಸಾಕಲು ತಕ್ಕವಳಲ್ಲ ಅನ್ನುವುದು ಕಾರಣ. ಮನೆಯೊಳಗೆ ಕೂತು ಏನು ಯೋಚಿಸುತ್ತೀಯ ಅನ್ನುವುದಕ್ಕೆ ದಂಡವಾಗಿ ಮಗು ಹೋಯಿತು. ದೊಡ್ಡವರಾದ ಮೇಲೆ ಇಬ್ಬರು ಮಕ್ಕಳೂ ತಾವಾಗಿಯೇ ತಾಯಿಯ ಬಳಿ ಬಂದರು ಅನ್ನುವುದು ಬೇರೆ ಮಾತು.

ವಿಚಿತ್ರವೆಂದರೆ, ಅದೇ ಆನಿ ಬೆಸೆಂಟ್ ಮುಂದೆ ಇಲ್ಲೇ, ಮದ್ರಾಸಿನಲ್ಲಿ, ಇನ್ನೊಬ್ಬರ ಮಕ್ಕಳಿಗಾಗಿ ಕೋರ್ಟು ಹತ್ತಬೇಕಾಯಿತು. ಬೆಸೆಂಟ್ ನಗರದ ಪಕ್ಕದಲ್ಲೇ ಇರುವ ಅಡ್ಯಾರ್ ಥಿಯಾಸಫಿಕಲ್ ಸೊಸೈಟಿಯಲ್ಲಿ ಕೆಲಸಕ್ಕಿದ್ದ ನಾರಾಯಣಯ್ಯ, 1910ರಲ್ಲಿ ತಮ್ಮ ಮಕ್ಕಳಾದ ಜೆ. ಕೃಷ್ಣಮೂರ್ತಿ ಮತ್ತು ನಿತ್ಯಾನಂದರ ಪಾಲನೆಯನ್ನು ಆಕೆಗೆ ಬರೆದುಕೊಟ್ಟಿದ್ದರು. 1912ರಲ್ಲಿ ಮನಸ್ಸು ಬದಲಾಗಿ ಮಕ್ಕಳು ವಾಪಸ್ ಬೇಕು ಅಂತ ದಾವೆ ಹೂಡಿದರು. ಅವರ ಪರ ನಿಂತವರು ಸಿ.ಪಿ. ರಾಮಸ್ವಾಮಿ ಅಯ್ಯರ್. ಆನಿ ಬೆಸೆಂಟ್ ತಮ್ಮ ವಾದ ತಾವೇ ಮಾಡಿದರು. 1913ರಲ್ಲಿ ಮದ್ರಾಸ್ ಹೈಕೋರ್ಟ್ ಮಕ್ಕಳನ್ನು ತಂದೆಗೆ ಕೊಡಿ ಅಂದಿತು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಆದೇಶವನ್ನು ತಳ್ಳಿಹಾಕಿತು. ಇಂಗ್ಲೆಂಡಿನಲ್ಲಿದ್ದ ಹುಡುಗರನ್ನು ಮೊಕದ್ದಮೆಯಲ್ಲಿ ಕಕ್ಷಿದಾರರನ್ನಾಗಿ ಮಾಡಿರಲಿಲ್ಲ, ಅವರ ಇಚ್ಛೆ ಕೇಳಿರಲಿಲ್ಲ ಅನ್ನುವುದನ್ನು ಅದು ಎತ್ತಿ ತೋರಿಸಿತು. ಮಗಳನ್ನು ಕಳೆದುಕೊಂಡ ತಾಯಿ, ಮಕ್ಕಳನ್ನು ಕೇಳುವ ತಂದೆ: ಯಾರ ಪಕ್ಷ ವಹಿಸುತ್ತೀರಿ? ಹೇಳುವುದು ಕಷ್ಟ. ಆದರೆ ಹುಡುಗರನ್ನೂ ಒಂದು ಮಾತು ಕೇಳಬೇಕಿತ್ತು ಅನ್ನುವ ವಿಚಾರ ಮಾತ್ರ ಮುಖ್ಯವಾದದ್ದು.

1916ರಲ್ಲಿ ಆಕೆ ಹೋಮ್ ರೂಲ್ ಲೀಗ್ ಕಟ್ಟಿದರು. 1917ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಪೆಂಟ್‌ಲೆಂಡ್ ಸರ್ಕಾರ ಆಕೆಯನ್ನೂ ಅರುಂಡೇಲ್ ಮತ್ತು ಬಿ.ಪಿ. ವಾಡಿಯಾ ಅವರನ್ನೂ ನಿರ್ಬಂಧದಲ್ಲಿಟ್ಟಿತು. ಆಕೆ ಇದ್ದದ್ದು ಜೈಲಿನಲ್ಲಲ್ಲ, ಊಟಿಯ ಒಂದು ಮನೆಯಲ್ಲಿ. ಸರ್ಕಾರ ಮನಸ್ಸು ಮಾಡಿದರೆ ಮನೆಯನ್ನೇ ಸೆರೆಮನೆ ಮಾಡಬಹುದು ಅನ್ನುವುದನ್ನು ಮದ್ರಾಸ್ ಪ್ರಾಂತ ಕಣ್ಣಾರೆ ಕಂಡಿತು. ದೇಶದಾದ್ಯಂತ ಗಲಾಟೆಯಾಗಿ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು.

ಈಗ ಮೂವತ್ತು ವರ್ಷ ಮುಂದೆ ಬನ್ನಿ. 1947, ಸಂವಿಧಾನ ರಚನಾ ಸಭೆ. ಕೆ.ಎಂ. ಮುನ್ಷಿ ಮತ್ತು ಅಂಬೇಡ್ಕರ್ ಇಬ್ಬರ ಕರಡುಗಳಲ್ಲೂ ಮನೆಯ ಮೇಲಿನ ಅನುಚಿತ ಶೋಧನೆಯ ವಿರುದ್ಧ ರಕ್ಷಣೆ ಇತ್ತು. ಅದು ಅಂತಿಮ ಸಂವಿಧಾನದಲ್ಲಿ ಬರಲಿಲ್ಲ. ತಡೆದವರಲ್ಲಿ ಇಬ್ಬರು ನಮಗೆ ಹತ್ತಿರದವರು. ಒಬ್ಬರು ಮದ್ರಾಸಿನ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್. ಇನ್ನೊಬ್ಬರು ಸಭೆಯ ಸಾಂವಿಧಾನಿಕ ಸಲಹೆಗಾರ, ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್. (ಅವರ ತಮ್ಮ ಬಿ. ಶಿವರಾವ್ ಇದೇ ಮದ್ರಾಸಿನಲ್ಲಿ ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ದುಡಿದವರು. ಲೋಕ ಎಷ್ಟು ಚಿಕ್ಕದು ನೋಡಿ!) ಕೋರ್ಟಿನ ವಾರಂಟ್ ಇಲ್ಲದೆ ಶೋಧನೆ ಕೂಡದು ಅಂದರೆ ಪೊಲೀಸರ ತನಿಖೆಗೇ ಕಷ್ಟವಾಗುತ್ತದೆ ಅನ್ನುವುದು ರಾವ್ ಅವರ ಆತಂಕ. ವಿಭಜನೆಯ ಹೊಸ್ತಿಲಲ್ಲಿ ನಿಂತಿದ್ದ ದೇಶ ಅದು. ಆ ಆತಂಕವನ್ನು ನಾವು ಸುಲಭವಾಗಿ ಹಳಿಯುವಂತಿಲ್ಲ. 1948ರ ಡಿಸೆಂಬರ್‌ನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಇದನ್ನು ತಿದ್ದುಪಡಿಯಾಗಿ ಮತ್ತೆ ತಂದರು. ಅಂಬೇಡ್ಕರ್ ಅದು ಉಪಯುಕ್ತ ಎಂದೇ ಹೇಳಿದರು. ಆದರೆ ಸಭೆ ಒಪ್ಪಲಿಲ್ಲ.

ಬಿಟ್ಟುಹೋದ ಈ ಒಂದು ಸಾಲಿನ ಬೆಲೆ ಬೇಗ ತಿಳಿಯಿತು. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ, ಸಂವಿಧಾನ ಬರೆದವರೇ ಸೇರಿಸದ ಹಕ್ಕನ್ನು ನಾವು ಹೇಗೆ ತರೋಣ ಅಂದಿತು. ಆಮೇಲೆ ಬಂದದ್ದು ಉತ್ತರ ಪ್ರದೇಶದ ಖರಕ್ ಸಿಂಗ್ ಕಥೆ. 1941ರ ಒಂದು ದರೋಡೆ ಕೇಸಿನಲ್ಲಿ ಸಾಕ್ಷಿ ಇಲ್ಲದೆ ಬಿಡುಗಡೆಯಾದ ಮನುಷ್ಯ. ಆದರೂ ಪೊಲೀಸರು ಆತನ ಹೆಸರಲ್ಲಿ ಕಡತ ತೆರೆದರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಹೆಸರು ಕೂಗಿ ಎಬ್ಬಿಸುವುದು, ಎಲ್ಲಿಗೆ ಹೋಗುತ್ತಾನೆ ಬರುತ್ತಾನೆ ಅಂತ ಕಾಯುವುದು ನಡೆದೇ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿದರೆ ಎದೆ ಹೇಗೆ ಹಾರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದು ದಿನಚರಿಯೇ ಆದರೆ?

1962ರಲ್ಲಿ ಆರು ನ್ಯಾಯಮೂರ್ತಿಗಳು ಇದನ್ನು ಕೇಳಿದರು. ಬಹುಮತದ ತೀರ್ಪು ಬರೆದವರು ಎನ್. ರಾಜಗೋಪಾಲ ಅಯ್ಯಂಗಾರ್, ಭಿನ್ನಮತ ಬರೆದವರು ಕೆ. ಸುಬ್ಬರಾವ್. ಇಬ್ಬರೂ ಹಿಂದೆ ಮದ್ರಾಸ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು! ಅಯ್ಯಂಗಾರ್ ತೀರ್ಪು ರಾತ್ರಿಯ ಬಾಗಿಲು ಬಡಿತವನ್ನು ರದ್ದು ಮಾಡಿತು. ಮನೆಯೇ ಮನುಷ್ಯನ ಕೋಟೆ ಅನ್ನುವ ಹಳೆಯ ಇಂಗ್ಲಿಷ್ ತತ್ವವನ್ನೂ ನೆನೆಯಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ, ದೂರದಿಂದ ಕಾವಲು ಕಾಯಬಹುದು ಅಂದಿತು. ಸುಬ್ಬರಾವ್ ಒಪ್ಪಲಿಲ್ಲ. ಕಣ್ಣು ಸದಾ ಬೆನ್ನ ಹಿಂದೆ ಇದ್ದರೆ ಕಾಲಿಗೆ ಸರಪಳಿ ಇಲ್ಲದಿದ್ದರೂ ಮನುಷ್ಯ ಸ್ವತಂತ್ರನಲ್ಲ, ಸಂವಿಧಾನ ಹೆಸರು ಹೇಳದಿದ್ದರೂ ಖಾಸಗಿತನ ವೈಯಕ್ತಿಕ ಸ್ವಾತಂತ್ರ್ಯದ ಒಳಗೇ ಇದೆ ಅನ್ನುವುದು ಅವರ ವಾದದ ತಿರುಳು. ಆ ಭಿನ್ನಮತ ಗೆಲ್ಲಲು 55 ವರ್ಷ ಬೇಕಾಯಿತು.

ನಡುವೆ ಎರಡು ಘಟನೆಗಳು ನಮ್ಮ ನೆರೆಹೊರೆಯವು. ಒಂದು ಕರ್ನಾಟಕದ್ದು. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಟೆಲಿಫೋನ್ ಕದ್ದಾಲಿಕೆಯ ಆರೋಪದ ನಡುವೆ ರಾಜೀನಾಮೆ ಕೊಟ್ಟರು. ಮನೆಯ ಫೋನಿನಲ್ಲಿ ಆಡಿದ ಮಾತಿಗೂ ಮರ್ಯಾದೆ ಇದೆ ಅನ್ನುವುದು ಕನ್ನಡಿಗರ ಮನೆಮಾತಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮಗಳನ್ನು ಹಾಕಿತು.

ಎರಡನೆಯದು ಇಲ್ಲೇ ಪಕ್ಕದ ತಿರುವಾನ್ಮಿಯೂರಿನದು. ಅಲ್ಲಿ ಸರಣಿ ಕೊಲೆಗಳನ್ನು ಮಾಡಿ ಮರಣದಂಡನೆಗೆ ಗುರಿಯಾದ 'ಆಟೋ ಶಂಕರ್' ಜೈಲಿನಲ್ಲಿ ಆತ್ಮಕಥೆ ಬರೆದ. ಅದರಲ್ಲಿ ಅಧಿಕಾರಿಗಳ ಜೊತೆಗಿನ ನಂಟೂ ಇತ್ತು. 'ನಕ್ಕೀರನ್' ಪತ್ರಿಕೆ ಅದನ್ನು ಅಚ್ಚು ಹಾಕಲು ಹೊರಟಾಗ ಜೈಲಿನ ಅಧಿಕಾರಿಗಳು ಕೂಡದು ಅಂದರು. 1994ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಎರಡು ಮಾತು. ತನ್ನ ಮನೆ, ಮದುವೆ, ಮಕ್ಕಳ ವಿಷಯದಲ್ಲಿ ತನ್ನ ಪಾಡಿಗೆ ತನ್ನನ್ನು ಬಿಡಿ ಅನ್ನುವ ಹಕ್ಕು ಪ್ರತಿ ನಾಗರಿಕನಿಗೂ ಇದೆ. ಆದರೆ ಸರ್ಕಾರಿ ಅಧಿಕಾರಿ ತನ್ನ ಅಧಿಕಾರದ ಕೆಲಸವನ್ನು ಈ ಹಕ್ಕಿನ ಹಿಂದೆ ಬಚ್ಚಿಡುವಂತಿಲ್ಲ, ಪ್ರಕಟಣೆಗೆ ಮೊದಲೇ ತಡೆ ಹಾಕುವಂತಿಲ್ಲ. ಮನೆಯ ಬಾಗಿಲಿಗೆ ಚಿಲಕ ಇರಲಿ, ಕಚೇರಿಯ ಬಾಗಿಲು ತೆರೆದಿರಲಿ ಅಂದ ಹಾಗೆ. ನಮ್ಮ ನೆರೆಯ ಒಂದು ಭೀಕರ ಪ್ರಕರಣದಿಂದ ಇಂಥ ಹದವಾದ ಮಾತು ಹೊರಬಂತು ಅನ್ನುವುದೇ ಸೋಜಿಗ.

ಕೊನೆಗೆ ಬೆಂಗಳೂರಿನ ಒಬ್ಬ ಹಿರಿಯರು ಬಂದರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿದವರು, 1952ರಲ್ಲಿ ವಕೀಲಿಕೆಗೆ ಸೇರಿ, 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 1986ರಲ್ಲಿ ನಿವೃತ್ತರಾದವರು. 2012ರಲ್ಲಿ, 86ರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಕಾನೂನೇ ಇಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದು ಹೇಗೆ ಅನ್ನುವುದು ಅವರ ನೇರ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟಿತು. ಹೀಗಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಹಳೆಯ ಎರಡೂ ತೀರ್ಪುಗಳ ಆ ಭಾಗ ಅಳಿಸಿಹೋಯಿತು, ಸುಬ್ಬರಾವ್ ಮಾತು ಉಳಿಯಿತು. ಏನು ತಿನ್ನಬೇಕು, ಏನು ಉಡಬೇಕು, ಯಾರ ಜೊತೆ ಒಡನಾಡಬೇಕು ಅಂತ ಸರ್ಕಾರ ಹೇಳುವುದನ್ನು ಯಾರೂ ಇಷ್ಟಪಡಲಾರರು ಅಂತ ನ್ಯಾಯಮೂರ್ತಿ ಚಲಮೇಶ್ವರ್ ಬರೆದರು.

2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಯೋಜನೆ ಮಾತ್ರ ಬಹುಮತದಿಂದ ಉಳಿದುಕೊಂಡಿತು. ಖಾಸಗಿ ಕಂಪೆನಿಗಳು ಅದನ್ನು ಕೇಳಲು ಅವಕಾಶ ಕೊಟ್ಟಿದ್ದ ಕಲಮು ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೇಳಿದ್ದು ಪೂರ್ತಿ ಸಿಗಲಿಲ್ಲ. ಆದರೆ ಅವರ ಹೆಸರಿನ ತೀರ್ಪು ಇಂದು ದೇಶದ ಎಲ್ಲ ನ್ಯಾಯಾಲಯಗಳಲ್ಲೂ ಓದಲ್ಪಡುತ್ತದೆ.

ಇಲ್ಲಿಗೇ ಮುಗಿಸಿದರೆ ಕಥೆ ಸುಖಾಂತ. ಆದರೆ ಮನೆಯ ಚಿಲಕಕ್ಕೆ ಇನ್ನೊಂದು ಮುಖವಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆಯ ಮರೆಯಲ್ಲಿ ಎಷ್ಟು ಏಟುಗಳು ಮುಚ್ಚಿಹೋಗಿವೆ! ಮನೆಯ ವಿಷಯ ಮನೆಯಲ್ಲೇ ಇರಲಿ ಅನ್ನುವವರು ಸಾಮಾನ್ಯವಾಗಿ ಏಟು ತಿಂದವರಲ್ಲ. 1983ರಲ್ಲಿ ದಕ್ಷಿಣ ಭಾರತದ ಚಿತ್ರನಟಿಯೊಬ್ಬರ ಪ್ರಕರಣದಲ್ಲಿ ಆಂಧ್ರ ಪ್ರದೇಶ ಹೈಕೋರ್ಟ್, ಮನಸ್ಸಿಲ್ಲದ ಹೆಂಡತಿಯನ್ನು ಕೋರ್ಟಿನ ಆದೇಶದಿಂದ ಗಂಡನ ಮನೆಗೆ ಕಳಿಸುವುದು ಆಕೆಯ ಖಾಸಗಿತನಕ್ಕೆ ವಿರುದ್ಧ ಅಂದಿತು. ಅದೇ ವರ್ಷ ದೆಹಲಿ ಹೈಕೋರ್ಟ್, ಮನೆಯೊಳಗೆ ಸಂವಿಧಾನ ತರುವುದು ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿಸಿದ ಹಾಗೆ ಅಂತ ಗದರಿತು. 1984ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಕಡೆಗೇ ವಾಲಿತು. ಆದರೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊನೆಗೆ ನಡುಮನೆಗೆ ಕಾಲಿಟ್ಟಿತು. ಹೆಣ್ಣಿಗೆ ಆ ಮನೆಯಲ್ಲೇ ನಿರ್ಭಯವಾಗಿ ಇರುವ ಹಕ್ಕು ಕೊಟ್ಟಿತು. ಇನ್ನು 2025ರ ಜುಲೈನಲ್ಲಿ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ವಿಚ್ಛೇದನದ ಕೇಸಿನಲ್ಲಿ ಗಂಡ ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಅಂದಿತು. ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದರೆ ಆ ಸಂಸಾರದಲ್ಲಿ ನಂಬಿಕೆ ಮೊದಲೇ ಮುರಿದಿದೆ ಅನ್ನುವುದು ಪೀಠದ ತರ್ಕ. ಹೌದೆನಿಸುತ್ತದೆ, ಹೆದರಿಕೆಯೂ ಆಗುತ್ತದೆ.

ಅಂದಹಾಗೆ, ನನ್ನ ನಲ್ಲಿ ರಿಪೇರಿಯ ಕಥೆ ಎಲ್ಲಿಗೆ ಬಂತು? ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನದು. ಮನೆ ಮಾಲೀಕರ ಕೀಲಿಕೈಗೆ ಬೇರೆ ಕಾನೂನು ಬೇಕು. ತಮಿಳುನಾಡಿನಲ್ಲಿ 2019ರಿಂದ ಜಾರಿಯಲ್ಲಿರುವ, 2017ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ ಪ್ರಕಾರ, ಮಾಲೀಕರು ರಿಪೇರಿಗೋ ತಪಾಸಣೆಗೋ ಒಳಗೆ ಬರಬೇಕಾದರೆ 24 ಗಂಟೆ ಮೊದಲು ಲಿಖಿತವಾಗಿ ತಿಳಿಸಬೇಕು. ಈ ಸಾಲನ್ನು ಗುರುತು ಹಾಕಿಟ್ಟುಕೊಳ್ಳಿ, ಜಗಳಕ್ಕಲ್ಲ, ನಗುತ್ತಲೇ ಹೇಳಲು. ನಾನು ಆಗ ಏನೂ ಹೇಳದೆ ಸುಮ್ಮನಿದ್ದೆ. ಹೊರಗಿನ ಊರು, ಬೇರೆ ಭಾಷೆ, ಇನ್ನೊಂದು ಮನೆ ಸಿಗುವುದು ಕಷ್ಟ ಅನ್ನುವ ಅಳುಕು. ನಿಮ್ಮಲ್ಲಿ ಎಷ್ಟೋ ಮಂದಿಗೆ ಆ ಅಳುಕು ಗೊತ್ತು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಬರಹಕ್ಕೆ ಕೂತ ದಿನ ಕನ್ನಡಕ ಹುಡುಕುತ್ತಾ ಮಗಳ ಕೋಣೆಗೆ ನೇರ ನುಗ್ಗಿದೆ. ಅವಳು ಓದುತ್ತಿದ್ದ ಕಾಗದವನ್ನು ಸರಕ್ಕನೆ ಮಡಿಸಿ, "ಅಪ್ಪಾ, ಬಾಗಿಲು ತಟ್ಟಬಾರದಾ?" ಅಂದಳು. ಕೋಪ ಬಂತು. ನನ್ನದೇ ಮನೆ, ನನ್ನದೇ ಮಗಳು! ಮರುಗಳಿಗೆಯಲ್ಲಿ ಮೇಜಿನ ಮೇಲೆ ತೆರೆದೇ ಇದ್ದ ಅಮ್ಮನ ಕಾಗದ ನೆನಪಾಯಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಕನ್ನಡಕ ಅಡುಗೆಮನೆಯಲ್ಲಿತ್ತು.

ನಿಮ್ಮ ಮನೆಯ ಅನುಭವವೇನು? ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರೆದು ತಿಳಿಸಿ. ಹೆಸರು ಬೇಡ ಅಂದರೆ ಹೇಳಿ, ಖಂಡಿತ ಓದುವುದಿಲ್ಲ.